ಹೂಂ ಅನ್ನದ ತಂತಿ

ನಮ್ಮ ಊರಿನಲ್ಲಿ ಗಂಡು ನೋಡಲು ಹೋದವರು ಹುಡುಗ ಗೊರಕೆ ಹೊಡೆಯುತ್ತಾನೆಯೇ ಎಂದು ಮೊದಲು ವಿಚಾರಿಸುತ್ತಾರೆ. ಹೊಡೆಯುತ್ತಾನೆ ಎಂದು ಗೊತ್ತಾದರೆ ಅರ್ಧ ಮದುವೆ ಮುಗಿದ ಹಾಗೆ. ಸದ್ದಿಲ್ಲದೆ ಮಲಗುವವನನ್ನು ಕಟ್ಟಿಕೊಂಡ ಹೆಣ್ಣು ಬೆಳಗ್ಗೆ ಎದ್ದು ಬಾಗಿಲಿಗೆ ಬೀಗ ಜಡಿದು ತವರಿಗೆ ಹೊರಟುಬಿಡಬಹುದು. ಒಳಗೆ ಗಂಡ ಮಲಗಿದ್ದಾನೆ ಎನ್ನುವುದು ಬಸ್ಸು ಹತ್ತಿದ ಮೇಲೂ ಅವಳಿಗೆ ನೆನಪಾಗುವುದಿಲ್ಲ. ಸುಮ್ಮನಿರುವುದು ಇಲ್ಲಿ ಮರೆತುಹೋಗುತ್ತದೆ, ಅಷ್ಟೇ. ಒಂದು ಸಲ ಕೆಮ್ಮಿದರೆ ಮತ್ತೆ ನೆನಪಾಗುತ್ತದೆ. ಆದ್ದರಿಂದ ನಮ್ಮವರು ದರ್ಜಿಯ ಅಂಗಡಿಯಲ್ಲಿ, ಸೀಮೆಎಣ್ಣೆಯ ಸಾಲಿನಲ್ಲಿ, ದೇವರ ಮುಂದೆ ಕೈಮುಗಿದು ನಿಂತಾಗಲೂ ಆಗಾಗ ಕೆಮ್ಮುತ್ತಾರೆ. ಕೊಡೆಗೂ ಬೀಗದ ಕೈಗೂ ಗೆಜ್ಜೆ ಕಟ್ಟಿಕೊಳ್ಳುತ್ತೇವೆ. ಶಾಲೆಯಲ್ಲಿ ಮಕ್ಕಳು ಗಲಾಟೆ ನಿಲ್ಲಿಸಿದರೆ ಮೇಷ್ಟ್ರು ಗಾಬರಿಯಾಗಿ ಹಾಜರಿ ಕೂಗುತ್ತಾರೆ.

ನನಗಂತೂ ಈ ಊರು ಹೇಳಿ ಮಾಡಿಸಿದಂತಿದೆ. ನನ್ನ ಹೆಸರು ಪಂಕಜಾಕ್ಷಿ, ಹುಟ್ಟು ಬಾಯಿಬಡುಕಿ. ದೊಡ್ಡಾಸ್ಪತ್ರೆಯ ಕಂಪ್ಯೂಟರ್‌ಗಳನ್ನೂ ಅವುಗಳ ತಂತಿಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ನನ್ನ ತಂಗಿ ಮಂದಾಕಿನಿಗೆ ಈ ಊರು ಆಗಿಬರಲಿಲ್ಲ. ಅವಳು ಬೇಕಾದಾಗಷ್ಟೇ ಮಾತಾಡುತ್ತಾಳೆ, ಅವಳಿಗೆ ಬೇಕಾದದ್ದು ತೀರಾ ಕಡಿಮೆ. ಚಿಕ್ಕವಳಿದ್ದಾಗ ಅವಳನ್ನು ಜವಳಿ ಅಂಗಡಿಯಲ್ಲಿ, ಲಾಂಚಿನಲ್ಲಿ, ಯಾರದೋ ನಾಮಕರಣದ ಊಟದ ಪಂಕ್ತಿಯಲ್ಲಿ ಬಿಟ್ಟು ಬಂದಿದ್ದೇವೆ. ಅಮ್ಮ ಕೈಗೂ ಕಾಲಿಗೂ ಗೆಜ್ಜೆ ಕಟ್ಟಿದಳು. ಮಹಾತಾಯಿ ಒಂದು ಗೆಜ್ಜೆಯೂ ಅಲ್ಲಾಡದಂತೆ ಕೂರುವುದನ್ನು ಕಲಿತಳು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ನಾನು ಕಥೆ ಹೇಳುತ್ತೇನೆ, ನೀನು ನಡುನಡುವೆ ಹೂಂ ಅನ್ನಬೇಕು ಎಂದೆ. ಕಥೆ ಕೇಳುವವರು ಹೂಂಗುಡುವುದು ಎಲ್ಲ ಕಡೆಯೂ ಇರುವ ಪದ್ಧತಿಯೇ. ನಮ್ಮ ಮನೆಯಲ್ಲಿ ಅದರಿಂದ ಒಂದು ಮಗು ಉಳಿಯಿತು.

ಆ ಮಂದಾಕಿನಿ ಈಗ ತುಂಬಿದ ಬಸುರಿ. ಗಂಡ ಲಾಂಚು ಓಡಿಸುತ್ತಾನೆ, ಹಾರ್ನು ಒತ್ತುವುದರಲ್ಲಿ ಎತ್ತಿದ ಕೈ, ಅವನನ್ನು ಯಾರೂ ಮರೆಯುವ ಭಯವಿಲ್ಲ. ಭಯವಿದ್ದದ್ದು ಹೆರಿಗೆಯದು. ಮಗು ಅಡ್ಡಲಾಗಿ ಕೂತಿದೆ, ಆಪರೇಷನ್ ಮಾಡಲೇಬೇಕು, ರಕ್ತ ಹೆಚ್ಚು ಹೋಗಬಹುದು ಎಂದು ಡಾಕ್ಟರ್ ಇಂದುಮತಿ ಹೇಳಿದ್ದರು. ಅವಳ ರಕ್ತವೋ ಊರಿಗೆಲ್ಲ ಅಪರೂಪದ ಗುಂಪಿನದು. ಅಂಥ ರಕ್ತದವರು ಯಾರು, ಈ ಗಳಿಗೆಯಲ್ಲಿ ಎಲ್ಲಿ ಸಿಗುತ್ತಾರೆ ಎಂಬುದೆಲ್ಲ ಹೊಳೆಯಾಚೆಯ ಗುಡ್ಡದ ಮೇಲಿರುವ ಸರ್ವರ್‌ನ ಡೇಟಾಬೇಸ್‌ನಲ್ಲಿದೆ. ಆಸ್ಪತ್ರೆಯ ರಕ್ತದ ಕಿಟಕಿಯಿಂದ ಕೇಳಿದರೆ ಸೇತುವೆಯ ಮೇಲಿನ ತಂತಿಯಲ್ಲಿ ಉತ್ತರ ಬರುತ್ತದೆ. ಹೆಸರುಗಳನ್ನು ಮೊದಲೇ ಕಾಗದದ ಮೇಲೆ ಬರೆದಿಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಕಾಗದಕ್ಕಿಂತ ಸುಮ್ಮನಿರುವ ವಸ್ತು ಇನ್ನಾವುದಿದೆ? ಚೀಲದಲ್ಲಿ ತುಂಬಿಟ್ಟ ರಕ್ತದ ಕಥೆಯೂ ಅದೇ, ಫ್ರಿಜ್ಜಿನೊಳಗೆ ಮರೆತುಹೋಗಿ ಕೆಡುತ್ತದೆ. ನಮ್ಮಲ್ಲಿ ರಕ್ತ ಬೇಕೆಂದರೆ ಆ ಹೊತ್ತಿಗೆ ಮನುಷ್ಯನನ್ನೇ ಕರೆಸಬೇಕು.

ತೊಂದರೆ ಶುರುವಾದದ್ದು ಆ ತಂತಿಯಲ್ಲಿ. ಒಂದು ಮಧ್ಯಾಹ್ನ ತೆಂಗಿನ ಮರದಿಂದ ಬಿದ್ದವನನ್ನು ಹೊತ್ತು ತಂದರು. ಕಿಟಕಿಯಲ್ಲಿ ಕೂರುವ ಗುಮಾಸ್ತ ಗುರುಬಸವಯ್ಯ ಸರ್ವರ್‌ಗೆ ಕೇಳಿದರೆ ಪರದೆಯ ಮೇಲೆ ಬಳೆಯಂಥ ಗುರುತು ಸುತ್ತತೊಡಗಿತು. ಹೌದೂ ಇಲ್ಲ, ಇಲ್ಲವೂ ಇಲ್ಲ, ಸುತ್ತುತ್ತಲೇ ಇತ್ತು. ಡಾಕ್ಟರ್ ಇಂದುಮತಿ ರಸ್ತೆಗೆ ಓಡಿ ರಕ್ತದ ಗುಂಪನ್ನು ಕೂಗಿ ಕೂಗಿ ಕೇಳಿದರು. ಅವನದು ಎಲ್ಲರಿಗೂ ಇರುವ ಗುಂಪು, ಬಾಳೆಹಣ್ಣಿನ ಗಾಡಿಯವನೊಬ್ಬ ತೋಳು ಚಾಚಿದ, ಬಿದ್ದವನು ಬದುಕಿಕೊಂಡ. ಆಮೇಲೆ ಡಾಕ್ಟರ್ ನನ್ನನ್ನು ಕರೆಸಿದರು.

"ಪಂಕಜಾ, ಈ ಕಿಟಕಿ ನಂಬ್ಕೊಂಡು ನಾನು ನಿನ್ನ ತಂಗಿ ಹೊಟ್ಟೆಗೆ ಕತ್ತಿ ಹಾಕಲ್ಲ" ಎಂದರು. "ಅವಳ ರಕ್ತಕ್ಕೆ ರಸ್ತೇಲಿ ನಿಂತು ಕೂಗಿದ್ರೆ ಯಾರೂ ಬರಲ್ಲ. ಇದನ್ನ ಸರಿ ಮಾಡು. ಇಲ್ಲಾಂದ್ರೆ ಘಟ್ಟದಾಚೆ ಕರ್ಕೊಂಡು ಹೋಗ್ಬೇಕು."

"ಆ ರಸ್ತೆ ಕುಲುಕಾಟ ಅವಳಿಗೆ ಆಗುತ್ತಾ ಡಾಕ್ಟ್ರೇ?"

"ಆಗಲ್ಲ ಅಂತಾನೇ ಹೇಳ್ತಿರೋದು" ಎಂದರು ಅವರು.

ಕಿಟಕಿಗೆ ಓಡಿದೆ. ಗುರುಬಸವಯ್ಯನವರು ದೊಡ್ಡ ಮೀಸೆಯ, ಸಣ್ಣ ಸಹನೆಯ ಮನುಷ್ಯ. ನಾನು ಕುರ್ಚಿ ಎಳೆದುಕೊಂಡು ಸರ್ವರ್‌ಗೆ ಒಂದು ಹೆಸರು ಕೇಳಿದೆ. ಕೇಳುವುದೇ ತಡ, ಉತ್ತರ ಬಂತು. ಇನ್ನೊಂದು ಕೇಳಿದೆ. ಬಂತು. ಮಾರನೆಯ ಬೆಳಗ್ಗೆಯೆಲ್ಲ ಕೂತು ಕೇಳಿದೆ, ಒಂದು ಸಲವೂ ಕೈಕೊಡಲಿಲ್ಲ. ಮೆಟ್ಟಿಲಿಳಿದು ಕ್ಯಾಂಟೀನಿನಲ್ಲಿ ಊಟ ಮುಗಿಸಿ ಕೈತೊಳೆಯುತ್ತಿದ್ದಾಗ ಮೇಲಿನಿಂದ ಅವರ ಕೂಗು ಕೇಳಿಸಿತು.

"ನೋಡಮ್ಮ, ನೀನು ಬಂದ್ರೆ ಸರಿಹೋಗುತ್ತೆ, ನೀನು ಮೆಟ್ಲಿಳಿದ್ರೆ ಕೆಟ್ಟುಹೋಗುತ್ತೆ" ಎಂದರು ಗುರುಬಸವಯ್ಯ. "ಇದು ನಿನ್ನ ಕೈಗುಣಾನೋ, ನನ್ನ ಕರ್ಮಾನೋ? ನಿನ್ನ ಇಲ್ಲೇ ಕಟ್ಟಿಹಾಕ್ಬೇಕು."

ಹೊಳೆಯಾಚೆ ಸರ್ವರ್ ಕೋಣೆಯನ್ನು ನೋಡಿಕೊಳ್ಳುವ ದೇವೀರಪ್ಪನಿಗೆ ಫೋನು ಮಾಡಿದೆ. ಅವನದು ಯಾವತ್ತೂ ಒಂದೇ ಮಾತು. "ನಮ್ಮ ಕಡೆ ಏನೂ ಕೆಟ್ಟಿಲ್ಲ ಅಕ್ಕಾವ್ರೇ. ನಿಮ್ಮ ಕಿಟಕಿ ಇನ್ನೂ ಲೈನಲ್ಲೇ ಇದೆ ಅಂತ ತೋರಿಸ್ತಿದೆ. ಅವರೇನಾದ್ರೂ ಕೇಳ್ತಾರೇನೋ ಅಂತ ನಮ್ಮ ಸರ್ವರ್ ಕಾಯ್ತಾ ಕೂತಿದೆ ಪಾಪ." ಇತ್ತ ಗುರುಬಸವಯ್ಯನವರ ಪರದೆಯ ಮೂಲೆಯಲ್ಲೂ ಸರ್ವರ್ ಲೈನಲ್ಲೇ ಇದೆ ಎಂದು ಹಸಿರು ದೀಪ ಉರಿಯುತ್ತಿತ್ತು. ಇಬ್ಬರೂ ಇದ್ದಾರೆ, ಮಾತು ಮಾತ್ರ ಹೋಗುತ್ತಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರೆ ಸರಿಯಾಗುತ್ತಿತ್ತು, ಆದರೆ ಅಷ್ಟು ಹೊತ್ತು ಆಪರೇಷನ್ ಮೇಜಿನ ಮೇಲೆ ಮಂದಾಕಿನಿ ಕಾಯಬೇಕಲ್ಲ?

ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕೇಬಲ್ ಬದಲಿಸಿದೆ, ಪ್ಲಗ್ಗುಗಳನ್ನು ಉಜ್ಜಿದೆ, ಕಂಬ ಕಂಬಕ್ಕೂ ಏಣಿ ಹಾಕಿ ಹತ್ತಿದೆ. ಪುರಸಭೆಯವರೂ ಕೈಕಟ್ಟಿ ಕೂರಲಿಲ್ಲ. ತಂತಿ ಸುಮ್ಮನಿರುವುದರಿಂದಲೇ ಹೀಗಾಗುತ್ತಿದೆ ಎಂದು ಸಭೆ ಸೇರಿ ತೀರ್ಮಾನಿಸಿ, ಆಸ್ಪತ್ರೆಯಿಂದ ಗುಡ್ಡದವರೆಗೆ ಪ್ರತಿ ಕಂಬಕ್ಕೂ ಗಂಟೆ ಕಟ್ಟಿಸಿದರು. ಗುರುಬಸವಯ್ಯನವರ ಕಂಪ್ಯೂಟರ್‌ಗೆ ಎತ್ತಿನ ಕೊರಳಿನ ಗೆಜ್ಜೆಸರ ಬಂತು. ಸರ್ವರ್ ಕೋಣೆಯ ಫ್ಯಾನುಗಳ ಸದ್ದು ಸಾಲದೆಂದು ಮುದ್ದಯ್ಯ ಎಂಬ ತಮಟೆಯವನನ್ನು ಅಲ್ಲಿಗೆ ನೇಮಿಸಿದರು. ಆತ ದಿನವಿಡೀ ಬಡಿದ. ದೇವೀರಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡಿದ. ಊರು ಜಾತ್ರೆಯಂತೆ ಗಿಜಿಗುಟ್ಟಿತು. ಊಟದ ಹೊತ್ತು ಕಳೆಯುತ್ತಲೇ ತಂತಿ ಎಂದಿನಂತೆ ಸತ್ತಿತು.

ನನಗೆ ಸಿಟ್ಟು ನೆತ್ತಿಗೇರಿತು. ಇದು ಯಾವ ಗಳಿಗೆಯಲ್ಲಿ ಕೆಡುತ್ತದೆ ಎಂದು ಹಿಡಿದೇ ತೀರುತ್ತೇನೆಂದು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಕಿಟಕಿಯ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೊಂದು ಸಲ ಸರ್ವರ್‌ಗೆ ಪ್ರಶ್ನೆ ಕೇಳುತ್ತಿರಬೇಕು, ಉತ್ತರ ನಿಂತ ಕೂಡಲೇ ನನಗೆ ಹೇಳಬೇಕು. ವಾರವಿಡೀ ಅದು ಓಡಿತು. ವಾರವಿಡೀ ತಂತಿ ಸಾಯಲಿಲ್ಲ. ಮುದ್ದಯ್ಯನ ತಮಟೆಯೇ ಫಲ ಕೊಟ್ಟಿತೆಂದು ಪುರಸಭೆಯವರು ಅವನಿಗೆ ಶಾಲು ಹೊದಿಸಿದರು. ನಾನೂ ನಿಟ್ಟುಸಿರು ಬಿಟ್ಟು, ಸುಮ್ಮನೆ ಸರ್ವರ್‌ಗೆ ಯಾಕೆ ಭಾರ ಎಂದು ಪ್ರೋಗ್ರಾಂ ತೆಗೆದುಹಾಕಿದೆ. ಮಾರನೆಯ ದಿನ ಊಟದ ಮೇಲೆ ಅದೇ ಬಳೆ, ಅದೇ ಸುತ್ತು. ಅಂದು ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ನಿಂತು ಅತ್ತೆ. ಜೋರಾಗಿಯೇ ಅತ್ತೆ, ನನಗೆ ಮೆಲ್ಲಗೆ ಅಳಲು ಬರುವುದಿಲ್ಲ.

ಇನ್ನು ನೋಡಲು ಉಳಿದಿದ್ದದ್ದು ಸೇತುವೆಯ ನಡುವಿನ ಚೌಕಿಯಲ್ಲಿರುವ ಪೆಟ್ಟಿಗೆಯೊಂದೇ. ಆಚೆಯ ತಂತಿಗಳೂ ಈಚೆಯವೂ ಅಲ್ಲಿ ಕೂಡುತ್ತವೆ. ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂದು ಗುರುತಿಟ್ಟುಕೊಂಡು ದಾಟಿಸುವುದು ಅದರ ಕೆಲಸ, ಒಂದು ಥರದ ಕಾವಲುಗಾರ. ಊರಿನ ಫೋನುಗಳೂ ಅದರ ಮೂಲಕವೇ ಹೋಗುತ್ತವೆ. ಬಿಸಿಲಲ್ಲಿ ಅದರ ಮುಚ್ಚಳ ಬಿಚ್ಚುತ್ತ ಮಂದಾಕಿನಿಗೆ ಫೋನು ಹಚ್ಚಿದೆ. ಅವಳ ಮನೆ ಹೊಳೆಯಾಚೆ. ಒಬ್ಬಳೇ ಇದ್ದಾಳೆ, ವಿಚಾರಿಸಿಕೊಂಡಂತೆಯೂ ಆಯಿತು, ನನ್ನ ಬಾಯಿಗೆ ಕೆಲಸವೂ ಆಯಿತು ಎಂದುಕೊಂಡೆ. ಪುರಸಭೆಯವರನ್ನೂ ದೇವೀರಪ್ಪನನ್ನೂ ಸಾಲಾಗಿ ಬೈದೆ. ಅವಳು ನಡುನಡುವೆ ಹೂಂ ಅನ್ನುತ್ತಿದ್ದಳು. ಅಷ್ಟರಲ್ಲಿ ಸ್ಕ್ರೂ ಸಡಿಲವಾಗಿ ಎರಡು ಕೈಯೂ ಬೇಕಾದವು. ತಾಳು ಎಂದು ಹೇಳಿ ಫೋನನ್ನು ಕೈಚೀಲದ ತಳಕ್ಕೆ ಇಳಿಬಿಟ್ಟು, ಸ್ಕ್ರೂಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸಕ್ಕೆ ನಿಂತೆ. ನನ್ನ ಬಾಯಿ ಮುಚ್ಚಿದ್ದು ಬಹಳ ವರ್ಷಗಳಲ್ಲಿ ಅದೇ ಮೊದಲಿರಬೇಕು.

ಮುಚ್ಚಳ ಹಾಕಿ ಫೋನು ತೆಗೆದರೆ, ಮಾತು ಇನ್ನೂ ನಡೆಯುತ್ತಿದೆ ಎಂದು ಅದು ತೋರಿಸುತ್ತಿತ್ತು. ಮಂದಾ ಎಂದೆ. ಮಂದಾಕಿನೀ ಎಂದೆ. ಉತ್ತರವಿಲ್ಲ. ಬಿದ್ದಳೇ, ನೋವು ಬಂತೇ ಎಂದು ಗಾಬರಿಯಾಗಿ ಮತ್ತೆ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

"ಎಲ್ಲಿ ಹಾಳಾಗಿ ಹೋಗಿದ್ದೆ? ಕೂಗಿದ್ರೆ ಓ ಅನ್ನಬಾರ್ದಾ?"

"ನಾನು ಲೈನಲ್ಲೇ ಇದ್ದೆ ಅಕ್ಕ" ಎಂದಳು ಮೆಲ್ಲಗೆ. "ತಾಳು ಅಂದ್ಯಲ್ಲ, ಕಾಯ್ತಾ ಇದ್ದೆ. ಪಕ್ಕದ ಮನೆ ಗಿರಣಿ ಸದ್ದು, ರೇಡಿಯೋ ಬೇರೆ. ನಿನಗೆ ತೊಂದ್ರೆ ಆಗ್ದಿರ್ಲಿ ಅಂತ ಫೋನಿಗೆ ಅಂಗೈ ಮುಚ್ಚಿ ಹಿಡ್ಕೊಂಡಿದ್ದೆ. ನೀನೇ ಇರ್ಲಿಲ್ಲ."

"ನಾನೂ ಇದ್ನಲ್ಲೇ!"

"ಹಾಗಾದ್ರೆ ಇಬ್ರೂ ಇದ್ವಿ" ಎಂದಳು.

ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಲೈನಲ್ಲೇ ಇದ್ದೆ, ಕಾಯ್ತಾ ಇದ್ದೆ, ಇದು ದೇವೀರಪ್ಪನ ಮಾತು. ಅಕ್ಷರಶಃ ದೇವೀರಪ್ಪನ ಮಾತು. ನನ್ನ ಸುತ್ತ ಲಾರಿಗಳು, ಗಂಟೆಗಳು. ಅವಳ ಸುತ್ತ ಗಿರಣಿ, ರೇಡಿಯೋ. ಎರಡು ದಡದಲ್ಲೂ ಕಿವಿ ತೂತಾಗುವಷ್ಟು ಗದ್ದಲ, ನಡುವೆ ಮಾತ್ರ ಏನೂ ದಾಟಿರಲಿಲ್ಲ. ಪೆಟ್ಟಿಗೆಗೆ ಕೋಣೆಯೊಳಗಿನ ತಮಟೆ ಕೇಳಿಸುವುದಿಲ್ಲ, ತನ್ನನ್ನು ದಾಟಿ ಹೋದ ಮಾತು ಮಾತ್ರ ಕೇಳಿಸುತ್ತದೆ. ಸ್ವಲ್ಪ ಹೊತ್ತು ಏನೂ ದಾಟದಿದ್ದರೆ ಅದು ಇಬ್ಬರನ್ನೂ ಮರೆಯುತ್ತದೆ, ಮರೆತೆ ಎಂದು ಯಾರಿಗೂ ಹೇಳುವುದೂ ಇಲ್ಲ. ಊಟದ ಹೊತ್ತಿನಲ್ಲಿ ಕಿಟಕಿಗೆ ಜನ ಬರುವುದಿಲ್ಲ, ಗುರುಬಸವಯ್ಯ ಏನೂ ಕೇಳುವುದಿಲ್ಲ, ತಂತಿ ಸಾಯುತ್ತದೆ. ನಾನು ಹೋಗಿ ಪರೀಕ್ಷೆ ಮಾಡಿದರೆ ಸಾಯುವುದಿಲ್ಲ. ನನ್ನ ಪರೀಕ್ಷೆಯೇ ಮಾತು, ನನ್ನ ಆ ಪುಟ್ಟ ಪ್ರೋಗ್ರಾಂ ಇನ್ನೊಬ್ಬಳು ಬಾಯಿಬಡುಕಿ! ವಾರವಿಡೀ ತಂತಿಯನ್ನು ಉಳಿಸಿದ್ದು ಅದು. ಶಾಲು ಹೊದ್ದವನು ಮುದ್ದಯ್ಯ.

"ಮಂದಾ, ನೀನು ಬಂಗಾರ ಕಣೇ" ಎಂದೆ.

"ಹೂಂ" ಎಂದಳು.

ಓಡಿಕೊಂಡೇ ಗುಡ್ಡ ಹತ್ತಿ ದೇವೀರಪ್ಪನ ಕಿವಿಯ ಹತ್ತಿ ಕಿತ್ತೆಸೆದು ಎಲ್ಲವನ್ನೂ ಹೇಳಿದೆ. ಇಬ್ಬರೂ ಸರ್ವರ್‌ನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಬೇಕಾದದ್ದು ಅಲ್ಲಿಯೇ ಇತ್ತು. ಯಾರೂ ಮಾತಾಡದಿದ್ದಾಗ ಎದುರಿನವರನ್ನು ಇದ್ದೀಯಾ ಎಂದು ಕೇಳುವ ಅಭ್ಯಾಸ ಅದಕ್ಕೂ ಉಂಟು, ಆದರೆ ಕೇಳುವುದು ಎರಡು ಗಂಟೆ ಸುಮ್ಮನಿದ್ದ ಮೇಲೆ. ಹೊರಗಿನ ಊರಿನಲ್ಲಿ ತಯಾರಾದ ಸರ್ವರ್, ಅಲ್ಲಿ ಎರಡು ಗಂಟೆ ಸುಮ್ಮನಿದ್ದವರನ್ನೂ ಜನ ನೆನಪಿಟ್ಟುಕೊಳ್ಳುತ್ತಾರೋ ಏನೋ. ನಮ್ಮ ಪೆಟ್ಟಿಗೆ ಕಾಫಿ ಕುಡಿದು ಬರುವಷ್ಟರಲ್ಲಿ ಮರೆಯುತ್ತದೆ.

"ಐದು ನಿಮಿಷಕ್ಕೊಂದ್ಸಲ ಹೂಂ ಅನ್ನೋ ಹಾಗೆ ಮಾಡು" ಎಂದೆ.

ದೇವೀರಪ್ಪನಿಗೆ ತನ್ನ ಸರ್ವರ್ ಎಂದರೆ ಹೆತ್ತ ಮಗಳಂತೆ. "ಊರಲ್ಲಿರೋ ಕಿಟಕಿಗಳಿಗೆಲ್ಲ ಹೂಂ ಅಂತಾ ಕೂತ್ರೆ ಸುಸ್ತಾಗಲ್ವಾ ಅಕ್ಕಾವ್ರೇ?"

"ನಮ್ಮ ಮಂದಾ ಹುಟ್ಟಿದಾಗ್ಲಿಂದ ನನಗೆ ಹೂಂ ಅಂತಿದಾಳೆ. ಅವಳಿಗೆ ಸುಸ್ತಾಗಿದೆಯಾ?"

ಅವನು ಸ್ವಲ್ಪ ಯೋಚಿಸಿ, "ಆಗಿರ್ಬೇಕು, ಹೇಳಿಲ್ಲ ಅಷ್ಟೇ" ಎಂದು ನಕ್ಕು ಸೆಟ್ಟಿಂಗು ಬದಲಿಸಿದ. ಮುದ್ದಯ್ಯ ತಮಟೆ ಕೆಳಗಿಟ್ಟು, ನನ್ನ ಕೆಲಸ ಹೋಯ್ತಾ ತಾಯಿ ಎಂದು ಕೇಳಿದ. ಪಾಪ ಎನ್ನಿಸಿತು, ಆದರೆ ಆ ಬಡಿತ ನಿಂತದ್ದರಿಂದ ತಲೆಯೊಳಗೆ ಕಿಟಕಿ ತೆರೆದಂತಾಯಿತು. ಗುರುಬಸವಯ್ಯನವರ ಕಂಪ್ಯೂಟರ್‌ಗೂ ಅದೇ ಪಾಠ ಹೇಳಿಕೊಟ್ಟು ಬಂದೆ.

ಸರಿಹೋಯಿತೇ ಎಂದು ತಿಳಿಯುವುದು ಹೇಗೆ? ಪರೀಕ್ಷಿಸಲು ಹೋದರೆ ನನ್ನ ಪರೀಕ್ಷೆಯೇ ತಂತಿಯನ್ನು ಬದುಕಿಸುತ್ತದೆ. ಯಾರೂ ಏನೂ ಕೇಳದೆ ಮಧ್ಯಾಹ್ನವೆಲ್ಲ ಬಿಟ್ಟು, ಆಮೇಲೆ ಒಂದೇ ಸಲ ಕೇಳಿ ನೋಡಬೇಕು. ಮಾತಿಗೆ ಸಿಕ್ಕರೆ ಗುರುಬಸವಯ್ಯ ಕೈ ಸುಮ್ಮನಿಡದೆ ಏನಾದರೂ ಒತ್ತಿಬಿಡುತ್ತಾರೆ. ಆದ್ದರಿಂದ ಬಿಸಿಲು ಇಳಿಯುವವರೆಗೆ ಸರ್ವರ್‌ಗೆ ಏನೂ ಕೇಳಬೇಡಿ ಎಂದಷ್ಟೇ ಅವರಿಗೆ ಹೇಳಿ, ಮೂಲೆಯ ಬೆಂಚಿನ ಮೇಲೆ ಬಾಯಿ ಬಿಗಿದು ಕೂತೆ. ಅಯ್ಯೋ, ಅದೇನು ಕಷ್ಟ! ನಾಲಿಗೆ ಒಳಗೇ ಕುಣಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗುರುಬಸವಯ್ಯ ನನ್ನನ್ನು ಮರೆತರು. ಕೊಡೆ ತಂದು ನನ್ನ ಮಂಡಿಗೆ ಒರಗಿಸಿದರು. ದಪ್ಪನೆಯ ಹೆಂಗಸೊಬ್ಬಳು ಬಂದು ಸೀದಾ ನನ್ನ ತೊಡೆಯ ಮೇಲೆ ಕೂತು, ಈ ಆಸ್ಪತ್ರೆ ಬೆಂಚು ಮೆತ್ತಗಾಯ್ತು ಎಂದು ಹೊಗಳಿ, ಚೀಟಿ ತೆಗೆದುಕೊಂಡು ಹೋದಳು. ನಾನು ಉಸಿರೆತ್ತಲಿಲ್ಲ. ಮಂದಾಕಿನಿ ಚಿಕ್ಕಂದಿನಿಂದ ಕೂತಿದ್ದ ಜಾಗ ಇದು ಎಂದು ಆಗ ಹೊಳೆಯಿತು. ಎಲ್ಲರೂ ಇದ್ದಾರೆ, ತಾನೂ ಇದ್ದಾಳೆ, ಯಾರ ಕಣ್ಣೂ ಅವಳ ಮೇಲೆ ನಿಲ್ಲುವುದಿಲ್ಲ. ಅವಳ ಆ ಸಣ್ಣ ಹೂಂ ನನ್ನ ಕಥೆಗೆಂದು ನಾನು ತಿಳಿದಿದ್ದೆ. ನನ್ನ ಕಥೆಗಳು ಅಷ್ಟೇನೂ ಚೆನ್ನಾಗಿರಲಿಲ್ಲ.

ಬಿಸಿಲು ಇಳಿದ ಮೇಲೆ ಗುರುಬಸವಯ್ಯ ಆಕಳಿಸಿ, ಅಭ್ಯಾಸಬಲದಿಂದ ಯಾರದೋ ಹೆಸರನ್ನು ಸರ್ವರ್‌ಗೆ ಕೇಳಿದರು. ಕೀಲಿ ಒತ್ತಿದ ಬೆರಳು ಇನ್ನೂ ಮೇಲೆ ಬಂದಿರಲಿಲ್ಲ, ಪರದೆ ತುಂಬ ಉತ್ತರ. ಬಳೆ ಸುತ್ತಲೇ ಇಲ್ಲ. ನಾನು ಹೋ ಎಂದು ಕಿರುಚಿದೆ. ಬೆಂಚು ಕಿರುಚಿತೆಂದು ತಿಳಿದು ಅವರು ಕುರ್ಚಿಯಿಂದ ಬಿದ್ದರು. ಎತ್ತಿ ಕೂರಿಸುವಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಪರೇಷನ್ ನಡೆದದ್ದು ಹಬ್ಬದ ರಜೆಯ ದಿನ. ಬೆಳಗಿನಿಂದ ಕಿಟಕಿಗೆ ಒಬ್ಬರೂ ಬಂದಿರಲಿಲ್ಲ. ಹಿಂದಿನ ದಿನಗಳಾಗಿದ್ದರೆ ತಂತಿ ಎಂದೋ ಸತ್ತಿರುತ್ತಿತ್ತು. ಮಂದಾಕಿನಿಯನ್ನು ಒಳಗೆ ಕರೆದೊಯ್ದರು. ಅವಳ ಗಂಡ ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಮಗುವಿನ ಅಳು ಕೇಳಿಸಿತು, ಗಟ್ಟಿ ಗಂಟಲು, ನನ್ನದೇ ವಂಶ. ನಗುವಷ್ಟರಲ್ಲಿ ನರ್ಸು ಬಾಗಿಲು ತಳ್ಳಿಕೊಂಡು ಬಂದು, ರಕ್ತ ಬೇಕು, ಈಗಲೇ ಬೇಕು ಎಂದಳು. ನಾನು ಓಡುವ ಮೊದಲೇ ಗುರುಬಸವಯ್ಯ ಕೀಲಿ ಒತ್ತಿದ್ದರು, ಉತ್ತರವೂ ಬಂದಿತ್ತು. ಅದನ್ನು ಓದಿ ಅವರು ನನ್ನ ಮುಖ ನೋಡಿದರು.

"ಮುದ್ದಯ್ಯ ಅಂತಿದೆ ಕಣಮ್ಮ. ಸೇತುವೆ ತುದಿ ಟೀ ಅಂಗಡೀಲಿದಾನಂತೆ."

ಮಂದಾಕಿನಿಯ ಗಂಡ ಸೈಕಲ್ ತುಳಿದು ಹೋಗಿ ಅವನನ್ನು ಹಿಂದೆ ಕೂರಿಸಿಕೊಂಡು ಬಂದ. ಮುದ್ದಯ್ಯ ಕೊರಳಲ್ಲಿದ್ದ ತಮಟೆಯನ್ನೂ ಬಿಡದೆ ಮಂಚದ ಮೇಲೆ ಮಲಗಿ ತೋಳು ಚಾಚಿದ. "ನಿಮ್ಮ ತಂತಿಗೆ ನನ್ನ ತಮಟೆ ಆಗಲಿಲ್ಲ, ಇದಾದ್ರೂ ಆಗ್ಲಿ ತಾಯಿ" ಎಂದ. ನಾನು ಅವನ ಕಾಲು ಮುಟ್ಟಲು ಹೋದರೆ ಕಚಗುಳಿ ಎಂದು ಒದರಾಡಿದ.

ಸಂಜೆಯ ಹೊತ್ತಿಗೆ, ಇನ್ನು ಭಯವಿಲ್ಲ, ಒಳಗೆ ಹೋಗು ಎಂದು ಡಾಕ್ಟರ್ ಇಂದುಮತಿ ನನ್ನ ಬೆನ್ನು ತಟ್ಟಿದರು. ಮಂದಾಕಿನಿ ಕಣ್ಣು ಮುಚ್ಚಿ ಮಲಗಿದ್ದಳು, ಮುಖಕ್ಕೆ ತುಸು ಬಣ್ಣ ಬಂದಿತ್ತು. ಕೈಗಳಿಗೆ ಗೆಜ್ಜೆ ಇರಲಿಲ್ಲ, ಆಪರೇಷನ್‌ಗೆಂದು ಬಿಚ್ಚಿದ್ದರು. ಪಕ್ಕದಲ್ಲಿ ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಅವಳಿಗೆ ಹೇಳಬೇಕೆಂದು ರಾಶಿ ಇಟ್ಟುಕೊಂಡಿದ್ದೆ: ಮುದ್ದಯ್ಯನ ಕಚಗುಳಿ, ಬೆಂಚಿನ ಮೇಲಿನ ಹೆಂಗಸು, ಕುರ್ಚಿಯಿಂದ ಬಿದ್ದ ಗುರುಬಸವಯ್ಯ. ಮಂಚದ ಅಂಚಿಗೆ ಕೂತು ಬಾಯಿ ತೆರೆದರೆ ಒಂದು ಮಾತೂ ಹೊರಡಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಸದ್ದೇ ಬರಲಿಲ್ಲ. ಕೋಣೆ ಪೂರ್ತಿ ಸುಮ್ಮನಾಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

"ಅಕ್ಕಾ" ಎಂದಳು ಮಂದಾಕಿನಿ ಕಣ್ಣು ತೆರೆಯದೆ. "ಇದ್ದೀಯಾ?"

"ಹೂಂ" ಎಂದೆ.